ನಂಗೆಯ ಕೈ

ಆ ಸಿನಿಮಾದಲ್ಲಿ ಮೂವರು ಅಣ್ಣತಮ್ಮಂದಿರು ಸಾಲಾಗಿ ಎಲೆಯ ಮುಂದೆ ಕೂತಿರುವಾಗ ಪರದೆಯ ತುಂಬ ಒಂದು ಕೈ ಬಂದು ಅನ್ನ ಬಡಿಸುತ್ತದಲ್ಲ, ಅದು ಹಿರಿಯ ಅತ್ತಿಗೆಯ ಪಾತ್ರ ಮಾಡಿದ ನಟಿಯ ಕೈ ಅಲ್ಲ. ಅವಳಿಗೆಲ್ಲಿಂದ ಬರಬೇಕು ಅಂಥ ಕೈ! ಅದು ನನ್ನ ಹಿತ್ತಲ ಗೋಡೆಯಾಚೆಯ ಮನೆಯ ಪಾವಾಯಮ್ಮಾಳ ಕೈ. ಹೆಬ್ಬೆರಳ ಬುಡದಲ್ಲಿ ಎಣ್ಣೆ ಸಿಡಿದ ಕಲೆಯಿದೆ, ಬೇಕಾದರೆ ನೋಡಿಕೊಳ್ಳಿ. ಗೋಬಿ ಪೇಟೆಯ ಥಿಯೇಟರಿನಲ್ಲಿ ಆ ಕೈ ಕಂಡಾಗ ನಮ್ಮ ಪಾಳ್ಯದವರು ಹಾಕಿದ ಶಿಳ್ಳೆಗೆ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಹೀರೋ ಬಂದಾಗಲೂ ಅಷ್ಟು ಶಿಳ್ಳೆ ಬಿದ್ದಿರಲಿಲ್ಲ.

ಆದರೆ ಆ ಕೈಯಿಂದಾಗಿ ಒಂದು ಮನೆ ಎರಡಾಗುವುದರಲ್ಲಿತ್ತು ಎನ್ನುವುದು ಶಿಳ್ಳೆ ಹಾಕಿದವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಗೋಡೆಯ ಈಚೆ ನಿಂತು ನೋಡಿದವಳು ನಾನು.

ನಾವು ದೇವಾಂಗದವರು. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಪುಳಿಯಂಪಟ್ಟಿಯಿಂದ ಈ ಕಾಲುವೆಪಾಳ್ಯಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರೆ ಗೋಡೆಯಾಚೆಯಿಂದ ಗಂಡಸರ ದನಿಗಳು ‘ನಂಗೆ! ನಂಗೆ!’ ಎಂದು ಕೂಗುವುದು ಕೇಳುತ್ತಿತ್ತು. ಇದೇನಪ್ಪಾ, ಗೌಂಡರ ಮನೆಯವರಿಗೂ ಕನ್ನಡ ಬರುತ್ತದೆಯೇ, ಬಂದರೂ ಮೀಸೆ ಬಂದ ಗಂಡಸರು ಚಿಕ್ಕ ಮಕ್ಕಳ ಹಾಗೆ ನಂಗೆ ನಂಗೆ ಎಂದು ಕಿತ್ತಾಡುವುದು ಏತಕ್ಕೆ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ನಕ್ಕು ನಕ್ಕು ರಾಟೆಯನ್ನೇ ನಿಲ್ಲಿಸಿಬಿಟ್ಟರು. ಈ ಕಡೆಯವರು ಅಣ್ಣನ ಹೆಂಡತಿಯನ್ನು ಕರೆಯುವುದೇ ಹಾಗಂತೆ. ನಂಗೆ ಅಂದರೆ ಅತ್ತಿಗೆ. ಪಾವಾಯಮ್ಮಾಳನ್ನು ಮೈದುನರಿಬ್ಬರೂ ಹಗಲೆಲ್ಲ ಕೂಗಿ ಕೂಗಿ, ಕೊನೆಗೆ ಅಂಚೆಯವನು, ಬಸ್ಸಿನ ಕಂಡಕ್ಟರು, ಹಾಲಿನವನು ಎಲ್ಲರಿಗೂ ಅವಳು ನಂಗೆಯೇ ಆದಳು. ನನಗೂ ಅಷ್ಟೇ.

ಅವಳು ಆ ಮನೆಗೆ ಬಂದಾಗ ದೊಡ್ಡ ಮೈದುನ ಮರುದಾಚಲ ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದನಂತೆ, ಸಣ್ಣವ ಚೆನ್ನಿಯಪ್ಪ ತೊಟ್ಟಿಲಲ್ಲಿ. ಬಂದು ವರ್ಷ ತುಂಬುವುದರೊಳಗೆ ಅವಳ ಅತ್ತೆ ತೀರಿಕೊಂಡರು. ಗಂಡ ನಾಚಿಮುತ್ತು ಆಗಲೂ ಈಗಲೂ ಒಂದೇ ಥರ: ಎಲ್ಲದಕ್ಕೂ ತಲೆಯಾಡಿಸುವ ಸಾಧು ಮನುಷ್ಯ, ಗದ್ದೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಗದ್ದೆ. ಇನ್ನೂ ತಾನೇ ಜಡೆಗೆ ರಿಬ್ಬನ್ನು ಕಟ್ಟಿಕೊಳ್ಳುತ್ತಿದ್ದ ಹುಡುಗಿ ಒಬ್ಬನನ್ನು ಸೊಂಟದಲ್ಲಿಟ್ಟುಕೊಂಡು, ಇನ್ನೊಬ್ಬನ ತೊಟ್ಟಿಲನ್ನು ಕಾಲಲ್ಲಿ ತೂಗುತ್ತ ಅಡುಗೆ ಮಾಡಿದಳು. ತನ್ನ ಮಗಳನ್ನು ಪೆರುಂದುರೆಗೆ ಮದುವೆ ಮಾಡಿ ಕಳಿಸಿದಾಗ ಅತ್ತದ್ದಕ್ಕಿಂತ, ಮರುದಾಚಲ ಓದಲೆಂದು ಈರೋಡಿನ ಹಾಸ್ಟೆಲಿಗೆ ಹೋದಾಗ ಹೆಚ್ಚು ಅತ್ತಳು ಎನ್ನುತ್ತಾರೆ. ಅವನೂ ಬಹಳ ದಿನ ಅಳಿಸಲಿಲ್ಲ ಬಿಡಿ. ಹಾಸ್ಟೆಲಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಟ್ರಂಕು ಹೊತ್ತುಕೊಂಡು ಬಂದೇಬಿಟ್ಟ.

ಇಷ್ಟು ಹೇಳಿದೆನೆಂದು ಅವಳನ್ನು ದೇವತೆ ಎಂದುಕೊಳ್ಳಬೇಡಿ. ದಾಯ ಆಡಲು ಕೂತರೆ ಕಣ್ಣೆದುರೇ ಕಾಯಿ ಕದಿಯುತ್ತಾಳೆ, ಹಿಡಿದರೆ ‘ನಿನಗೆ ಎಣಿಸೋಕೆ ಬರಲ್ಲ ಹೋಗೇ ಸೌಡಾ’ ಎಂದು ಹೆಸರು ಹಿಡಿದು ನನಗೇ ಬೈಯುತ್ತಾಳೆ. ಪಾಳ್ಯದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎನ್ನುವುದು ಅವಳಿಗೆ ಮೂಗಿನಲ್ಲೇ ಗೊತ್ತಾಗಬೇಕು. ಮತ್ತೆ ಆ ಸೌಟು! ಆ ಮನೆಯಲ್ಲಿ ಸೌಟನ್ನು ಅವಳು ಬಿಟ್ಟು ಇನ್ನೊಬ್ಬರು ಮುಟ್ಟುವಂತಿಲ್ಲ. ಮರುದಾಚಲನ ಹೆಂಡತಿ ತುಳಸಿಮಣಿ ಬಂದು ಎಷ್ಟೋ ವರ್ಷವಾಗಿತ್ತು, ಅವಳ ಪಾಲಿನ ಕೆಲಸ ಹುರುಳಿ ಆರಿಸುವುದು, ಬದನೆಕಾಯಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು. ಒಲೆಯ ಹತ್ತಿರ ಹೋದರೆ ‘ನೀನು ಆಚೆ ಹೋಗಮ್ಮ, ಕೈ ಸುಟ್ಟುಕೊಳ್ತೀಯ’. ಬಡಿಸಲು ಹೋದರೆ ‘ನಿನಗೆ ಅವರ ಹೊಟ್ಟೆ ಅಳತೆ ಗೊತ್ತಿಲ್ಲ, ಕೊಡು ಇಲ್ಲಿ’. ಹೆಣ್ಣು ಏನು ಮಾಡಬೇಕು? ತುಳಸಿಮಣಿ ಜಾಣೆ. ಬೇಡವೆಂದರೆ ಬೇಡ ಎಂದು ಹಾಯಾಗಿ ತಿಂದುಕೊಂಡು ಇದ್ದಳು.

ಮಧ್ಯಾಹ್ನ ಮೂವರೂ ಗದ್ದೆಯಿಂದ ಬಂದು ಕೈಕಾಲು ತೊಳೆದು ಸಾಲಾಗಿ ಕೂತರೆ ನಂಗೆಯ ಮುಖ ನೋಡಬೇಕು ನೀವು. ಬೇಳೆಯನ್ನ, ಮೇಲೆ ತುಪ್ಪ, ಪಕ್ಕಕ್ಕೆ ಹುರುಳಿ ಗೊಜ್ಜು. ಒಬ್ಬೊಬ್ಬರ ಎಲೆಗೂ ಬಾಗಿ ಬಡಿಸಿ, ಸೌಟಿನ ಬೆನ್ನಿನಿಂದ ಅನ್ನದ ನಡುವೆ ಒಂದು ಗುಳಿ ಮಾಡಿ, ಅವರು ಮೊದಲ ತುತ್ತು ನುಂಗುವ ತನಕ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ನುಂಗಿದ ಮೇಲೆ ನಗು. ಅಷ್ಟು ಸುಖವಾಗಿದ್ದ ಇನ್ನೊಬ್ಬಳನ್ನು ನಾನು ಈ ಬೀದಿಯಲ್ಲಿ ಕಂಡಿಲ್ಲ.

ಇಂಥ ಮನೆಗೆ ಸಿನಿಮಾದವರು ಬಂದರು. ಸಿನಿಮಾದವರು ನಮಗೇನು ಹೊಸಬರಲ್ಲ. ಕಾಲುವೆಯ ಏರಿಯ ಮೇಲೆ ಹೀರೋಯಿನ್ನು ಓಡಿದರೆ ನಮ್ಮ ಎಮ್ಮೆಗಳೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಈ ಡೈರೆಕ್ಟರಿಗೆ ಬೇಕಾದದ್ದು ಕಾಲುವೆಯಲ್ಲ, ಉದ್ದನೆಯ ಜಗುಲಿ ಇರುವ, ಅಣ್ಣತಮ್ಮಂದಿರು ಇನ್ನೂ ಒಂದೇ ಒಲೆಯಲ್ಲಿ ಉಣ್ಣುವ ಮನೆ. ಯಾರೋ ಈ ಮನೆ ತೋರಿಸಿದರು. ನಾಚಿಮುತ್ತು ಎಂದಿನಂತೆ ತಲೆಯಾಡಿಸಿದ. ಮಾರನೆಯ ವಾರ ಜಗುಲಿಯ ತುಂಬ ವೈರು, ಅಂಗಳದ ತುಂಬ ದೀಪದ ಕಂಬ.

ಕಥೆ ಮೂವರು ಅಣ್ಣತಮ್ಮಂದಿರದು. ಹಿರಿಯ ಒಳ್ಳೆಯವನು. ಕಿರಿಯ ಚೆಲ್ಲುಚೆಲ್ಲು, ಹಾಡು ಅವನಿಗೇ. ಎರಡನೆಯವನು ಹೆಂಡತಿಯ ಮಾತು ಕೇಳಿ ಮನೆ ಒಡೆಯುತ್ತಾನೆ, ಕೊನೆಯಲ್ಲಿ ಎಲ್ಲರೂ ಅತ್ತು ಸೇರಿಕೊಳ್ಳುತ್ತಾರೆ. ಇಷ್ಟೇ. ಆದರೆ ಇದು ಟೀ ಅಂಗಡಿಯ ತನಕ ಹೋಯಿತು. ಟೀ ಅಂಗಡಿಗೆ ಹೋದ ಮಾತು ಸುಮ್ಮನೆ ಬರುತ್ತದೆಯೇ?

“ಏನಪ್ಪಾ ಎರಡ್ನೇಯವ್ನೇ, ಮನೆ ಯಾವಾಗ ಒಡೀತೀಯ? ಮುಹೂರ್ತ ನೋಡಿದ್ಯಾ?” ಎಂದು ಒಬ್ಬ ಮರುದಾಚಲನನ್ನು ಕೇಳಿದ.

“ಹೆಂಡ್ತಿ ಹೇಳ್ದಾಗ ಒಡೀತಾನೆ ಬಿಡಪ್ಪ. ಕಥೇಲಿ ಹಾಗೇ ಇದೆ,” ಎಂದ ಇನ್ನೊಬ್ಬ.

ಮರುದಾಚಲನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಟೀ ಅರ್ಧಕ್ಕೆ ಬಿಟ್ಟು ಬಂದ. ಬಂದರೆ ಇಲ್ಲಿ ಏನು ನಡೆದಿತ್ತು? ಸಿನಿಮಾದ ಎರಡನೆಯವನು ಅಣ್ಣನ ಮೇಲೆ ಮುನಿಸಿಕೊಂಡು ಹೋಗಿ ಪಂಪುಸೆಟ್ಟಿನ ಕೋಣೆಯ ಮುಂದೆ ಮುಖ ಊದಿಸಿಕೊಂಡು ಕೂತಿರುವ ದೃಶ್ಯವನ್ನು ತೆಗೆಯುತ್ತಿದ್ದರು. ಮರುದಾಚಲ ಮುನಿಸಿಕೊಂಡಾಗೆಲ್ಲ ಹೋಗಿ ಕೂರುವುದು ಅದೇ ಪಂಪುಸೆಟ್ಟಿನ ಮುಂದೆ, ಅದೇ ಕಲ್ಲಿನ ಮೇಲೆ! ಅಲ್ಲೇ ಕ್ಯಾಮೆರಾ ಪಕ್ಕದಲ್ಲಿ ಕಿರಿಯ ಚೆನ್ನಿಯಪ್ಪ ಕರಿ ಕನ್ನಡಕ ಹಾಕಿಕೊಂಡು, ತಾನೇ ಡೈರೆಕ್ಟರೇನೋ ಎನ್ನುವಂತೆ ಕೈ ಆಡಿಸುತ್ತ ನಿಂತಿದ್ದ.

“ಮನೆ ಮಾತನ್ನ ಇವರಿಗೆ ಮಾರಿಕೊಂಡ್ಯೇನೋ?” ಎಂದು ಮರುದಾಚಲ ಎಲ್ಲರೆದುರೇ ತಮ್ಮನ ಮೇಲೆ ಬಿದ್ದ.

“ನಾನೇನ್ ಹೇಳ್ದೆ? ಅವರಾಗೇ ಬರ್ಕೊಂಡ್ ಬಂದಿದ್ದು ಕಣಣ್ಣಾ!”

“ಅವರಾಗೇ ಬರ್ಕೊಂಡ್ರೆ ನಾನು ಕೂರೋ ಕಲ್ಲು ಅವರಿಗೆ ಹೇಗೆ ಗೊತ್ತಾಯ್ತು?”

ಡೈರೆಕ್ಟರು ಪಾಪ, ನಡುವೆ ಬಂದು, “ಸಾರ್, ನಾನೂ ಎರಡನೆಯವನೇ. ನಮ್ಮೂರಲ್ಲೂ ಪಂಪುಸೆಟ್ಟಿದೆ. ಕೋಪ ಬಂದ್ರೆ ನಾನೂ ಅಲ್ಲೇ ಕೂರ್ತಿದ್ದೆ,” ಎಂದರು. ನಿಜವೇ ಇರಬೇಕು. ನಮ್ಮ ಕಡೆ ಕೋಪ ಬಂದ ಗಂಡಸು ಹೋಗುವುದಾದರೂ ಮತ್ತೆಲ್ಲಿಗೆ? ಆದರೆ ಮರುದಾಚಲ ನಂಬಬೇಕಲ್ಲ. ಅವತ್ತಿನಿಂದ ತಮ್ಮನೊಡನೆ ಮಾತು ಬಿಟ್ಟ. ಊಟಕ್ಕೆ ಮಾತ್ರ ಬರುತ್ತಿದ್ದ, ಎಲೆಯನ್ನು ಒಂದು ಗೇಣು ಆಚೆ ಎಳೆದುಕೊಂಡು ಕೂರುತ್ತಿದ್ದ. ನಂಗೆ ಆ ಎಲೆಯನ್ನು ಕಾಲಿನಿಂದಲೇ ಮೆಲ್ಲಗೆ ಈಚೆ ಸರಿಸುತ್ತಿದ್ದಳು.

ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಊಟದ ದೃಶ್ಯ ಬಂತು. ಹಿರಿಯ ಅತ್ತಿಗೆಯ ಪಾತ್ರದ ನಟಿ ಬೊಂಬಾಯಿಯವಳು. ನೋಡಲು ಚೆಂದ, ಅಳುವುದೂ ಚೆಂದ, ಬಡಿಸುವುದು ಮಾತ್ರ ದೇವರಿಗೇ ಪ್ರೀತಿ. ಸೌಟನ್ನು ಪೆನ್ನು ಹಿಡಿದ ಹಾಗೆ ಹಿಡಿದು ಅನ್ನವನ್ನು ಮೇಲಿಂದ ಉದುರಿಸುತ್ತಾಳೆ, ಕೋಳಿಗೆ ಕಾಳು ಹಾಕಿದಂತೆ. ಉಗುರಿಗೆ ಬಣ್ಣ ಬೇರೆ. ಡೈರೆಕ್ಟರು ತಲೆ ಕೆರೆದುಕೊಂಡು ಕೆರೆದುಕೊಂಡು ಸಾಕಾಗಿ, ಮಧ್ಯಾಹ್ನ ಲೈಟಿನ ಕೆಲಸದವರಿಗೆಲ್ಲ ನಂಗೆ ಬಡಿಸುತ್ತಿದ್ದುದನ್ನು ಕಂಡು ಅಲ್ಲೇ ನಿಂತುಬಿಟ್ಟರು.

“ಅಮ್ಮಾ, ಮುಖ ಅವರದಿರಲಿ, ಕೈ ಮಾತ್ರ ನೀವು ಕೊಡಿ,” ಎಂದರು.

“ಕೈ ಕೊಟ್ರೆ ವಾಪಸ್ ಕೊಡ್ತೀರಾ?” ಎಂದಳು ನಂಗೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳ ಕೈಗೆ ಆ ನಟಿಯ ಬಳೆ ತೊಡಿಸಿದರು, ನಟಿಯದೇ ಬಣ್ಣದ ಸೀರೆ ಉಡಿಸಿದರು. ಮೇಕಪ್ಪಿನವನು ಎಣ್ಣೆ ಕಲೆ ಮುಚ್ಚಲು ಬಂದರೆ ಡೈರೆಕ್ಟರು ಅವನನ್ನು ಗದರಿಸಿ ಕಳಿಸಿದರು. ಪಾಳ್ಯವೆಲ್ಲ ಅಂಗಳದಲ್ಲಿ ಸೇರಿತ್ತು. ಮರುದಾಚಲನೂ ದೀಪದ ಕಂಬದ ಪಕ್ಕ ಕೈಕಟ್ಟಿ ನಿಂತಿದ್ದ. ಎಷ್ಟು ಮುನಿದರೂ ನಂಗೆಯ ಕೈ ಸಿನಿಮಾಕ್ಕೆ ಹೋಗುತ್ತದೆಂದರೆ ನೋಡದೆ ಇರುವವನೇ?

ದೃಶ್ಯ ಹೀಗೆ: ಅತ್ತಿಗೆ ಬಡಿಸುತ್ತಿರುವಾಗ ಎರಡನೆಯವನು ‘ಇನ್ನು ಈ ಮನೆ ಅನ್ನ ನನಗೆ ಬೇಡ’ ಎಂದು ಎಲೆ ಬಿಟ್ಟು ಏಳಬೇಕು. ಅತ್ತಿಗೆಯ ಕೈ, ಅನ್ನದ ಸೌಟಿನ ಸಮೇತ, ಗಾಳಿಯಲ್ಲೇ ನಿಂತುಬಿಡಬೇಕು. “ಅಲ್ಲಾಡಬಾರದಮ್ಮ, ಕಲ್ಲಿನ ಹಾಗೆ ನಿಲ್ಲಬೇಕು,” ಎಂದು ಡೈರೆಕ್ಟರು ಬಿಡಿಸಿ ಬಿಡಿಸಿ ಹೇಳಿದರು. ನಂಗೆ ತಲೆಯಾಡಿಸಿದಳು.

ಕ್ಯಾಮೆರಾ ಓಡಿತು. ನಟ ಒಳ್ಳೆಯ ನಟ, ಮಾತು ಹೇಳುವಾಗ ಅವನ ಕಣ್ಣಲ್ಲಿ ಕೆಂಡ. ಎಲೆಯ ಮುಂದಿನಿಂದ ಅರ್ಧ ಎದ್ದ. ಅಷ್ಟೇ, ನಂಗೆಯ ಬಲಗೈ ಅವನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿತು, ಎಡಗೈ ಅವನ ಭುಜ ಹಿಡಿದು ಕೆಳಕ್ಕೆ ಒತ್ತಿತು. ಬಾಯಿ ಸುಮ್ಮನಿರಲಿಲ್ಲ.

“ಕೂತ್ಕೊಳ್ಳೋ ಮರುದು! ಅನ್ನದ ಮುಂದೆ ಏನೋ ನಿಂದು ಕೋಪ!”

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ತಿಳಿದ ಮೇಲೆ ಅಂಗಳವೇ ಹಾರಿಹೋಗುವಂತೆ ನಕ್ಕರು. ಆ ನಟ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕ. ಟೀ ಅಂಗಡಿಯವನು, “ನೋಡ್ರಪ್ಪೋ, ಮನೆಯವರೇ ಹೇಳಿಬಿಟ್ರು ಎರಡ್ನೇಯವ್ನು ಯಾರೂಂತ!” ಎಂದು ಕೂಗಿದ. ನಂಗೆ ನಾಲಿಗೆ ಕಚ್ಚಿಕೊಂಡಳು. ಮತ್ತೆ ತೆಗೆದರು. ಈ ಸಲ ತುಟಿ ಬಿಗಿಹಿಡಿದು ನಿಂತಳು, ಹೆಸರು ಬರಲಿಲ್ಲ, ಆದರೆ ಕೈ ಕೇಳಬೇಕಲ್ಲ! ಮತ್ತೆ ಅನ್ನ ಹಾಕಿತು, ಮತ್ತೆ ಭುಜ ಒತ್ತಿತು. ಡೈರೆಕ್ಟರು ಸೋತು, “ಹಾಗೇ ಇರಲಿ ಬಿಡಿ, ಇದೇ ಚೆನ್ನಾಗಿದೆ,” ಎಂದರು. ನೀವು ಥಿಯೇಟರಿನಲ್ಲಿ ನೋಡಿದ್ದು ಅದನ್ನೇ.

ನಾನು ದೀಪದ ಕಂಬದ ಕಡೆ ನೋಡಿದೆ. ಮರುದಾಚಲ ಅಲ್ಲಿರಲಿಲ್ಲ.

ಅವನು ಸಂಜೆ ಬಂದದ್ದು ಒಂದು ಬುಟ್ಟಿ ಜೇಡಿಮಣ್ಣು ಹೊತ್ತುಕೊಂಡು. ಹಿತ್ತಲಿನಲ್ಲಿ, ಸರಿಯಾಗಿ ನನ್ನ ಗೋಡೆಯ ಪಕ್ಕದಲ್ಲೇ, ದನದ ಕೊಟ್ಟಿಗೆಯ ಚಾವಣಿಯ ಕೆಳಗೆ ಇಳಿಸಿದ. ಒಲೆ ಹಾಕು ಎಂದು ಹೆಂಡತಿಗೆ ಹೇಳಿದ. ಬರುವ ಶುಕ್ರವಾರದಿಂದ ತಮ್ಮಿಬ್ಬರ ಊಟ ಬೇರೆ ಎಂದ.

ಸಿನಿಮಾದಲ್ಲಾದರೆ ಈ ಜಾಗದಲ್ಲಿ ಎರಡನೆಯವನ ಹೆಂಡತಿ ಒಳಗೊಳಗೇ ನಗಬೇಕು. ತುಳಸಿಮಣಿ ಹಾಕಿದ ಕೂಗು ನಮ್ಮ ಮಗ್ಗದ ಸದ್ದನ್ನೂ ಮೀರಿ ಕೇಳಿಸಿತು.

“ನಿಮಗೇನ್ ಹುಚ್ಚಾ? ನಾನ್ಯಾವತ್ತು ಅನ್ನ ಬೇಯ್ಸಿದೀನಿ? ಇಡೀ ಪಾಳ್ಯ ನನ್ನನ್ನ ಬೈಯುತ್ತೆ, ಇವಳೇ ಚಾಡಿ ಹೇಳಿ ಮನೆ ಮುರಿದ್ಲು ಅಂತ. ಮಾಡದೇ ಇರೋ ತಪ್ಪಿಗೆ ಬೈಸಿಕೊಂಡು, ಮೇಲೆ ಒಲೆ ಮುಂದೆ ಕೂತು ಸಾಯ್ಲಾ ನಾನು?”

“ನಂಗೆ ಎಲ್ಲರ ಮುಂದೆ ನನ್ನನ್ನ ಮನೆಮುರುಕ ಅಂದಳು. ಇನ್ನು ಯಾವ ಮುಖ ಇಟ್ಕೊಂಡು ಅವಳ ಕೈಯಲ್ಲಿ ತಿನ್ಲಿ?” ಎಂದ ಅವನು. ದನಿ ಒಡೆದಿತ್ತು. ಗಂಡನ ದನಿ ಕೇಳಿ ತುಳಸಿಮಣಿ ಗೊಣಗಿಕೊಂಡು ಮಣ್ಣು ಕಲಸಿದಳು.

ಒಲೆ ಒಣಗುವ ತನಕದ ಆ ದಿನಗಳನ್ನು ನಾನು ಮರೆಯುವುದಿಲ್ಲ. ನಾಚಿಮುತ್ತು ತಮ್ಮನಿಗೆ ಬೇಡವೆನ್ನುವವನಲ್ಲ, ಹೆಂಡತಿಗೆ ಸಮಾಧಾನ ಹೇಳಲೂ ಬರುವವನಲ್ಲ. ಅಂಗಳದಲ್ಲಿ ಅತ್ತಿತ್ತ ಓಡಾಡಿದ. ಸಿನಿಮಾದವರು ಗಂಟುಮೂಟೆ ಕಟ್ಟಿಕೊಂಡು ಹೋದರು, ನಂಗೆಗೆ ಒಂದು ರೇಷ್ಮೆ ಸೀರೆ ಕೊಟ್ಟು ಕಾಲಿಗೆ ಬಿದ್ದರು. ಅವಳು ಸೀರೆಯನ್ನು ಬಿಚ್ಚಿಯೂ ನೋಡಲಿಲ್ಲ. ಗುರುವಾರ ಮಧ್ಯಾಹ್ನ ಪಾತ್ರೆ ತಿಕ್ಕುವ ನೆಪದಲ್ಲಿ ಗೋಡೆಯ ಹತ್ತಿರ ಬಂದು ಕೂತಳು.

“ಸೌಡಾ, ಅವನು ಬೇರೆ ಮನೆ ಕಟ್ಟಿಕೊಂಡ್ರೂ ನಾನು ತಡ್ಕೊಳ್ತೀನಿ ಕಣೇ. ಗದ್ದೆ ಹಂಚಿಕೊಳ್ಳಲಿ, ದನ ಹಂಚಿಕೊಳ್ಳಲಿ. ನನ್ನ ಕೈಯನ್ನ ಬೇಡ ಅನ್ನೋದು ತಡ್ಕೊಳ್ಳೋಕಾಗಲ್ಲ. ಅವನು ನನ್ನ ಕೈಯಲ್ಲಿ ತಿಂದು ಬೆಳೆದೋನು,” ಎಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೂದಿಯ ಕೈಯಲ್ಲೇ ಒರೆಸಿಕೊಂಡಳು.

ನನಗೂ ಅಳು ಬಂತು. ಅದರ ಜೊತೆಗೆ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. “ನೀನು ತುಳಸಿಗೆ ಒಂದು ದಿನ ಸೌಟು ಕೊಟ್ಟಿದ್ಯಾ? ಇಷ್ಟು ವರ್ಷ ಒಂದು ಸೌಟು? ನಾಳೆ ಆ ಹುಡುಗಿ ಏನು ಬೇಯಿಸ್ತಾಳೆ, ಅವನೇನು ತಿಂತಾನೆ, ಹೇಳು ನೋಡೋಣ,” ಎಂದೆ.

“ನನ್ನ ಮನೆ ವಿಷಯ ನಿನಗ್ಯಾಕೆ?” ಎಂದು ಎದ್ದು ಹೋದಳು. ಪಾತ್ರೆಯನ್ನು ಅಲ್ಲೇ ಬಿಟ್ಟು ಹೋಗಿದ್ದಳು.

ಆ ಮನೆಯಲ್ಲಿ ಒಂದು ರೂಢಿ ಇದೆ. ಹೊಸ ಒಲೆಗೆ ಕಡ್ಡಿ ಗೀರಿ ಬೆಂಕಿ ಹಚ್ಚುವಂತಿಲ್ಲ. ಹಳೆಯ ಒಲೆಯ ಕೆಂಡವನ್ನು ಮನೆಯ ಹಿರಿಸೊಸೆ ತಾನಾಗಿ ತಂದು ಇಡಬೇಕು. ಅವಳು ತರುವುದಿಲ್ಲ ಎಂದರೆ ಒಲೆ ಹತ್ತುವುದಿಲ್ಲ, ಅಲ್ಲಿಗೆ ಮುಗಿಯಿತು. ಪಾಳ್ಯದ ಹೆಂಗಸರೆಲ್ಲ ನಂಗೆ ಕೆಂಡ ಕೊಡುವುದಿಲ್ಲವೆಂದೇ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ತುಳಸಿಮಣಿ ಧೈರ್ಯಕ್ಕೆಂದು ನನ್ನನ್ನೂ ಕರೆದಳು. ಕೊಟ್ಟಿಗೆಯ ಪಕ್ಕ ಹೋಗಿ ಕೂತೆ. ಮರುದಾಚಲ ಕಂಬಕ್ಕೊರಗಿ ನಿಂತಿದ್ದ. ಅಡುಗೆಮನೆಯ ಬಾಗಿಲಿನಿಂದ ನಂಗೆ ಬಂದಳು. ಒಡೆದ ಮಡಕೆಯ ಚೂರಿನಲ್ಲಿ ಕೆಂಡ. ಮುಖ ಊದಿಕೊಂಡಿತ್ತು. ಯಾರನ್ನೂ ನೋಡದೆ ಬಗ್ಗಿ ಹೊಸ ಒಲೆಯೊಳಗೆ ಕೆಂಡ ಇಟ್ಟು, ಊದಿ, ಸೌದೆ ಹತ್ತಿಕೊಂಡ ಮೇಲೆ ಎದ್ದು ಪಕ್ಕಕ್ಕೆ ಸರಿದು ನಿಂತಳು. ಹೋಗಲಿಲ್ಲ.

ತುಳಸಿಮಣಿ ಎಸರಿಟ್ಟಳು. ಅಕ್ಕಿ ಹಾಕಿದಳು, ಬೇಳೆ ಹಾಕಿದಳು. ನೀರು ಕಡಿಮೆಯಾಯಿತೆಂದು ನನಗೇ ಗೊತ್ತಾಯಿತು, ನಂಗೆಗೆ ಗೊತ್ತಾಗದೆ ಇರುತ್ತದೆಯೇ? ಅವಳ ಕೈ ಸೆರಗಿನೊಳಗೆ ಹೊಸೆದುಕೊಳ್ಳುತ್ತಿತ್ತು. ಮಾತು ಮಾತ್ರ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಮರುದಾಚಲ ಎಲೆ ಹಾಕಿಕೊಂಡು ಕೂತ. ತುಳಸಿಮಣಿ ಒಂದು ಉಂಡೆ ತೆಗೆದು ಎಲೆಗಿಟ್ಟಳು, ಅದು ಉರುಳಲೂ ಇಲ್ಲ. ಅವನು ಒಂದು ತುತ್ತು ಬಾಯಿಗೆ ಹಾಕಿ ಅಗಿದ. ಅಕ್ಕಿ ಕಟಕಟ ಎನ್ನುವುದು ನನಗೆ ಕೇಳಿಸಿತು. ಹಟಮಾರಿ, ಇನ್ನೊಂದು ತುತ್ತು ತಿಂದ. ಆಮೇಲೆ ತಲೆಯೆತ್ತದೆ ಕೇಳಿದ.

“ಅಷ್ಟು ಜನರ ಮುಂದೆ ನನ್ನ ಹೆಸರು ಯಾಕೆ ಕರ್ದೆ?”

“ನಾನೆಲ್ಲಪ್ಪಾ ಕರ್ದೆ. ಅದಾಗೇ ಬಂತು,” ಎಂದಳು ನಂಗೆ.

“ಬರುತ್ತೆ. ಮನೆ ಮುರಿಯೋನು ಅಂದ್ರೆ ನಿನಗೆ ನಾನೇ ನೆನಪಾಗೋದು.”

ನಂಗೆಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. “ಮನೆ ಮುರಿಯೋನಾ? ಅವನು ಏನು ಮಾತಾಡ್ದ ಅಂತ ನಾನು ಕೇಳಿಸ್ಕೊಂಡ್ನಾ? ಅವನ ಕಥೆ ಯಾರಿಗೆ ಬೇಕೋ? ನನಗೆ ಕಂಡಿದ್ದು ಒಂದೇ, ಅನ್ನದ ಮುಂದಿಂದ ಒಬ್ಬ ಏಳ್ತಿದ್ದಾನೆ. ಅನ್ನದ ಮುಂದಿಂದ ಎದ್ದು ಓಡ್ತಿದ್ದೋನು ಈ ಮನೇಲಿ ನೀನೊಬ್ನೇ ಕಣೋ! ನಿಮ್ಮಣ್ಣ ಹಾಕಿದ್ದು ತಿಂತಿದ್ದ. ಚೆನ್ನಿಗೆ ಏನೂ ತಿಳೀತಿರ್ಲಿಲ್ಲ. ನೀನು? ನಿಮ್ಮಮ್ಮ ಹೋದ್ಮೇಲೆ ಒಂದು ತುತ್ತು ತಿಂದು ಬಾಗಿಲಿಗೆ ಓಡ್ತಿದ್ದೆ, ಅಮ್ಮ ಬಂದ್ಲಾ ನೋಡ್ತೀನಿ ಅಂತ. ಇನ್ನೊಂದು ತುತ್ತು, ಮತ್ತೆ ಬಾಗಿಲಿಗೆ. ನಿ‌ನ್ನ ಭುಜ ಹಿಡಿದು ಕೂರಿಸಿ ಕೂರಿಸಿ ಈ ಕೈಗೆ ಅದೇ ಅಭ್ಯಾಸ ಆಗೋಯ್ತು. ಇವತ್ತಿಗೂ ಯಾರು ಎದ್ರೂ ನನ್ನ ಬಾಯಿಗೆ ಬರೋದು ನಿನ್ನ ಹೆಸರೇ. ನಾನೇನ್ ಮಾಡ್ಲಿ, ಹೇಳು!”

ಮರುದಾಚಲ ಅಗಿಯುವುದನ್ನು ನಿಲ್ಲಿಸಿದ. ತುಳಸಿಮಣಿ ಸೌಟು ಹಿಡಿದುಕೊಂಡೇ ಅಳಲು ಶುರುಮಾಡಿದಳು. ಅವನಿಗೆ ಅದೊಂದೂ ನೆನಪಿರಲಿಲ್ಲವೆಂದು ಕಾಣುತ್ತದೆ. ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದ. ಕಣ್ಣು ತುಂಬಿಕೊಂಡಿತ್ತು.

“ನಂಗೆ, ಹಸಿವಾಗ್ತಿದೆ,” ಎಂದ.

ನಂಗೆ ದೊಡ್ಡ ಅಡುಗೆಮನೆಗೆ ಓಡುತ್ತಾಳೆಂದುಕೊಂಡೆ. ಓಡಲಿಲ್ಲ. ತುಳಸಿಮಣಿಯ ಮುಂದೆ ಹೋಗಿ ನಿಂತಳು. “ನೀರು ಕಡಿಮೆ ಹಾಕಿದೆ ನೀನು. ನಾನು ನೋಡ್ತಾನೇ ಇದ್ದೆ. ಬೇಕೂಂತ್ಲೇ ಹೇಳ್ಲಿಲ್ಲ ಕಣಮ್ಮಾ. ಕೆಟ್ಟ ಬುದ್ಧಿ ನನ್ನದು,” ಎಂದಳು. ಆಮೇಲೆ ನೆಲದ ಮೇಲೆ ಕೂತು, ಹೆಂಗಸರು ಹೆಣ್ಣುಮಕ್ಕಳಿಗೆ ಹೇಳಿಕೊಡುವಂತೆ ಹೇಳಿಕೊಟ್ಟಳು. ಸೀದದ್ದನ್ನು ಕೆರೆಯದೆ ಮೇಲಿನದನ್ನು ಬೇರೆ ಪಾತ್ರೆಗೆ ತೆಗಿ, ಬಿಸಿನೀರು ಚಿಮುಕಿಸು, ಮುಚ್ಚು, ಮುಚ್ಚಳದ ಮೇಲೆ ಎರಡು ಕೆಂಡ ಇಡು. ಈಗ ಸುಮ್ಮನಿರು. ತುಳಸಿಮಣಿ ಮೂಗು ಸೆಳೆದುಕೊಂಡು ಹೇಳಿದಂತೆ ಮಾಡಿದಳು. ನಂಗೆಯ ಕೈ ಎರಡು ಸಲ ಸೌಟಿನ ಕಡೆ ಹೋಗಿ ಹಿಂದೆ ಬಂದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ನಾಚಿಮುತ್ತು ಬಂದ. ಹಿಂದೆಯೇ ಚೆನ್ನಿಯಪ್ಪ, ಕಂಕುಳಲ್ಲಿ ಬಾಳೆಲೆಯ ಸುರುಳಿ, ಕಣ್ಣಿಗೆ ಅದೇ ಕರಿ ಕನ್ನಡಕ. “ಇವತ್ತು ಊಟ ಇಲ್ಲೇನಾ?” ಎಂದು ಯಾರನ್ನೂ ನೋಡದೆ ಕೇಳಿದ.

ಮರುದಾಚಲ ಅವನ ಕಡೆ ತಿರುಗಿದ. ಇಷ್ಟು ದಿನದ ಮೇಲೆ ತಮ್ಮನ ಜೊತೆ ಆಡಿದ ಮೊದಲ ಮಾತು. “ಆ ಕನ್ನಡಕ ತೆಗೆದು ಕೂತ್ಕೊಳ್ಳೋ ಕತ್ತೆ. ಅನ್ನ ಬಿಟ್ಟು ಬೂದಿಗೆ ಕೈ ಹಾಕ್ತೀಯ.”

ಚೆನ್ನಿಯಪ್ಪ ಕನ್ನಡಕ ತೆಗೆದ. ಅವನೂ ಅತ್ತಿದ್ದನೆಂದು ಆಗ ಗೊತ್ತಾಯಿತು. ಮೂವರೂ ಕೊಟ್ಟಿಗೆಯ ಪಕ್ಕದಲ್ಲೇ ಸಾಲಾಗಿ ಕೂತರು, ಎಮ್ಮೆ ಅವರ ತಲೆಯ ಮೇಲೆ ಉಸಿರು ಬಿಡುತ್ತಿತ್ತು. ಮರುದಾಚಲ ತನ್ನ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, “ನಂಗೆ, ನೀನೂ ಕೂತ್ಕೋ,” ಎಂದ. ಅವಳು ಗಂಡಸರ ಸಾಲಿನಲ್ಲಿ ಎಂದೂ ಕೂತವಳಲ್ಲ. ನಾಚಿಮುತ್ತುವಿನ ಮುಖ ನೋಡಿದಳು, ಅವನು ತಲೆಯಾಡಿಸಿದ. ನನ್ನ ಮುಖ ನೋಡಿದಳು, ನಾನು ‘ಕೂರೇ ಮಾರಾಯ್ತಿ’ ಎಂದೆ. ಕೂತಳು.

ತುಳಸಿಮಣಿ ಮೊದಲು ಅವಳ ಎಲೆಗೇ ಬಡಿಸಿದಳು. ಅರ್ಧ ಅನ್ನ ಎಲೆಯಾಚೆ ಬಿತ್ತು. ನಂಗೆ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತ ಕೂತೆವು, ಗಂಡಸರು ಮೂವರೂ ತಮ್ಮ ಎಲೆಯನ್ನು ಮರೆತು ನೋಡಿದರು.

“ಉಪ್ಪು ಕಡಿಮೆ ಆಯ್ತು ಕಣೇ,” ಎಂದಳು ನಂಗೆ. ಆಮೇಲೆ ಎಲೆಯನ್ನು ಮುಂದಕ್ಕೆ ಸರಿಸಿ, “ಇನ್ನೊಂದು ಸೌಟು ಹಾಕು,” ಎಂದಳು.